ತೂಗುಬುಟ್ಟಿ ತುಂಬುವ ತನಕ: ಒಂದು ಚೆಂಡುಯಂತ್ರದ ಎರಡು ದುರಸ್ತಿಗಳು

ಸಾರ್ವಜನಿಕ ಕಟ್ಟಡವೊಂದರ ಪ್ರವೇಶಾಂಗಣದಲ್ಲಿ ವರ್ಷಗಟ್ಟಲೆ ಕೆಟ್ಟು ನಿಂತಿದ್ದ, ಕಂಬಿಗಳ ಮೇಲೆ ಚೆಂಡುಗಳು ಉರುಳುತ್ತ ಇಳಿಯುವ ದೊಡ್ಡ ಚೆಂಡುಯಂತ್ರವನ್ನು ಎರಡು ಸಲ ದುರಸ್ತಿ ಮಾಡಬೇಕಾಗಿ ಬಂದ ಪ್ರಕರಣವಿದು. ಮೊದಲ ದುರಸ್ತಿಯ ನಂತರ ಯಂತ್ರ ಎಲ್ಲಿಯೂ ತಡೆಯದೆ ಓಡಿತು. ಆದರೆ ಅದರ ಮುಂದೆ ಮಕ್ಕಳು ನಿಲ್ಲಲಿಲ್ಲ. ಎರಡನೆಯ ದುರಸ್ತಿಗೆ ದಾರಿ ತೋರಿಸಿದ್ದು ಅದೇ ಯಂತ್ರವನ್ನು ಚಿಕ್ಕಂದಿನಲ್ಲಿ ನೋಡಿ ಬೆಳೆದವರ ನೆನಪುಗಳು. ಆ ನೆನಪುಗಳನ್ನು ಕೇಳಿ ಬರೆದುಕೊಂಡು, ಹಳೆಯ ನಕ್ಷೆಗಳ ಮತ್ತು ನಿರ್ವಹಣಾ ಪುಸ್ತಕದ ಜೊತೆ ತಾಳೆ ನೋಡುವ ಕೆಲಸ ನನ್ನದಾಗಿತ್ತು. ಕಟ್ಟಡ ಯಾವುದು, ಯಂತ್ರದ ಹೆಸರೇನು, ಮಾತನಾಡಿದವರು ಯಾರು ಎಂದು ಗುರುತು ಹತ್ತುವಂಥ ವಿವರಗಳನ್ನೆಲ್ಲ ಇಲ್ಲಿ ಕೈಬಿಟ್ಟಿದ್ದೇನೆ. ನಿರ್ಧಾರಗಳನ್ನೂ ಅವುಗಳ ಹಿಂದಿನ ಕಾರಣಗಳನ್ನೂ ನಡೆದ ಹಾಗೆಯೇ ಕೊಟ್ಟಿದ್ದೇನೆ.

ಹಿನ್ನೆಲೆ

ಉಕ್ಕಿನ ಕಂಬಿಗಳ ಮೇಲೆ ಚೆಂಡುಗಳು ಉರುಳುತ್ತ, ದಾರಿಯುದ್ದಕ್ಕೂ ಗಂಟೆ ಬಾರಿಸುತ್ತ, ಆಲಿಕೆಯ ಅಂಚಿನಲ್ಲಿ ಸುತ್ತು ಹೊಡೆಯುತ್ತ, ತಳ ಸೇರಿ ಮತ್ತೆ ಮೇಲೇರುವ ಚಲನಶಿಲ್ಪಗಳನ್ನು ಜನ ಓಡಾಡುವ ಜಾಗಗಳಿಗೆ ತಂದವರಲ್ಲಿ ಅಮೆರಿಕದ ಕಲಾವಿದ ಜಾರ್ಜ್ ರೋಡ್ಸ್ (1926–2021) ಪ್ರಮುಖರು. ಶಾಪಿಂಗ್ ಸೆಂಟರುಗಳನ್ನು ಕಟ್ಟಿಸುತ್ತಿದ್ದ, ಚಲನಕಲೆಯ ಸಂಗ್ರಾಹಕರೂ ಆಗಿದ್ದ ಡೇವಿಡ್ ಬರ್ಮಂಟ್ ಅವರ ಬೆಂಬಲದಿಂದ ರೋಡ್ಸ್ ಅವರ ಕೃತಿಗಳು ಗ್ಯಾಲರಿಯ ಹೊರಗೆ ಜಾಗ ಪಡೆದವು. ನ್ಯೂಯಾರ್ಕಿನ ಪೋರ್ಟ್ ಅಥಾರಿಟಿ ಬಸ್ ನಿಲ್ದಾಣದಲ್ಲಿ 1983ರಲ್ಲಿ ನಿಂತ ‘42ನೇ ಸ್ಟ್ರೀಟ್ ಬಾಲ್‌ರೂಮ್’ ಹಾಗೂ ಬಾಸ್ಟನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿರುವ ‘ಆರ್ಕಿಮಿಡಿಯನ್ ಎಕ್ಸ್‌ಕಾಜಿಟೇಷನ್’ ಅವರ ಹೆಸರಾಂತ ಕೃತಿಗಳು. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿಯೂ ಅಲ್ಲಿನ ವಿಮಾನ ನಿಲ್ದಾಣದಲ್ಲಿಯೂ ಅವರ ಚೆಂಡುಯಂತ್ರಗಳಿವೆ. ಈ ಕುಲದ ಅತಿ ಎತ್ತರದ ಯಂತ್ರಗಳಲ್ಲೊಂದು ಹಾಂಗ್‌ಕಾಂಗಿನಲ್ಲಿದೆ. 1991ರಲ್ಲಿ ತೆರೆದ ಅಲ್ಲಿನ ವಿಜ್ಞಾನ ವಸ್ತುಸಂಗ್ರಹಾಲಯದ ‘ಎನರ್ಜಿ ಮಷೀನ್’ 22 ಮೀಟರ್ ಎತ್ತರವಿದ್ದು ಹಲವು ಮಹಡಿಗಳನ್ನು ದಾಟಿ ನಿಂತಿದೆ. ಬಸ್ ನಿಲ್ದಾಣ, ಆಸ್ಪತ್ರೆ, ವಿಮಾನ ನಿಲ್ದಾಣ ಎಂಬ ಮೂರೂ ಜನ ಕಾಯುತ್ತ ಕೂರುವ ಜಾಗಗಳು ಎಂಬುದನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು. ಈ ಪ್ರಕರಣದ ತಿರುಳು ಅಲ್ಲಿಯೇ ಇದೆ.

ನಾನು ಹೇಳಹೊರಟ ಯಂತ್ರ ಬೇರೊಬ್ಬರು ಕಟ್ಟಿದ್ದು, ಆದರೆ 1980ರ ದಶಕದ್ದೇ, ಅದೇ ಮಾದರಿಯದೇ. ಎತ್ತರದ ಗಾಜಿನ ಪೆಟ್ಟಿಗೆಯೊಳಗೆ ಒಂದು ಮೋಟಾರು, ಒಂದು ಸರಪಳಿ, ಮೂರು ಕವಲಾಗಿ ಒಡೆಯುವ ಕಂಬಿದಾರಿ ಇವೆ. ಮೋಟಾರಿಗೆ ಒಂದೇ ಕೆಲಸ: ತಳದ ತೊಟ್ಟಿಯಲ್ಲಿ ಸೇರಿದ ಚೆಂಡುಗಳನ್ನು ಸರಪಳಿಯ ಕೊಂಡಿಗಳ ಮೂಲಕ ಒಂದೊಂದಾಗಿ ಎತ್ತಿ ನೆತ್ತಿಗೆ ಮುಟ್ಟಿಸುವುದು. ಅಲ್ಲಿಂದ ಕೆಳಗೆ ನಡೆಯುವುದೆಲ್ಲ ಗುರುತ್ವಾಕರ್ಷಣೆಯ ಕೆಲಸ. ನೆತ್ತಿಯಲ್ಲಿ ಒಂದು ಕವಲುಕೀಲಿ ಇದೆ. ಪ್ರತಿ ಚೆಂಡೂ ಅದನ್ನು ತಳ್ಳಿ ದಾಟುವಾಗ ಮುಂದಿನ ಚೆಂಡಿನ ದಾರಿ ಬದಲಾಗುತ್ತದೆ. ಒಂದು ದಾರಿ ಚೆಂಡು ಮೇಲೇರಿ ತಲೆಕೆಳಗಾಗಿ ಸುತ್ತಿ ಬರುವ ಪೂರ್ಣಸುತ್ತಿಗೆ, ಒಂದು ಲೋಹದ ಪಟ್ಟಿಗಳ ಮೆಟ್ಟಿಲಿಗೆ, ಮತ್ತೊಂದು ತೂಗುಬುಟ್ಟಿಗೆ ಹೋಗುತ್ತದೆ. ತೂಗುಬುಟ್ಟಿಯಲ್ಲಿ ಚೆಂಡುಗಳು ಸೇರುತ್ತ ಹೋಗಿ, ಅವುಗಳ ಭಾರ ಹಿಂಬದಿಯ ಪ್ರತಿತೂಕವನ್ನು ಮೀರಿದಾಗ ಬುಟ್ಟಿ ಮಗುಚುತ್ತದೆ. ಆಗ ಚೆಂಡುಗಳೆಲ್ಲ ಒಟ್ಟಿಗೆ ಸುರಿದು, ಒಂದರ ಬೆನ್ನಿಗೊಂದು ಓಡಿ ದೊಡ್ಡ ಜಾಗಟೆಗೆ ಬಡಿಯುತ್ತವೆ.

ಸಮಸ್ಯೆ

ಯಂತ್ರ ನಿಂತಿದ್ದಕ್ಕೆ ದೊಡ್ಡ ಕಾರಣವೇನೂ ಇರಲಿಲ್ಲ. ಸರಪಳಿ ಸವೆದಿತ್ತು, ಬುಟ್ಟಿಯ ಬಳಿ ಚೆಂಡುಗಳು ಪದೇ ಪದೇ ಸಿಕ್ಕಿಕೊಳ್ಳುತ್ತಿದ್ದವು, ಅದನ್ನು ಬಿಡಿಸಲು ಗೊತ್ತಿದ್ದ ತಂತ್ರಜ್ಞರು ನಿವೃತ್ತರಾಗಿದ್ದರು. ಇದರ ಜೊತೆಗೆ ಪಕ್ಕದಲ್ಲಿದ್ದ ವಿಚಾರಣಾ ಕೌಂಟರಿನ ಸಿಬ್ಬಂದಿಯ ದೂರು ಹಳೆಯದು: ಜಾಗಟೆ ಬಾರಿಸಿದಾಗ ಎದುರಿಗೆ ನಿಂತವರ ಮಾತು ಕೇಳಿಸುವುದಿಲ್ಲ. ದಿನವಿಡೀ ಅಲ್ಲಿ ಕೂತು ಕೆಲಸ ಮಾಡುವವರಿಗೆ ಅದು ನಿಜವಾದ ತೊಂದರೆ. ಹೀಗಾಗಿ ‘ದುರಸ್ತಿಯಲ್ಲಿದೆ’ ಎಂಬ ಫಲಕ ತೂಗಿದ ಮೇಲೆ ಅದನ್ನು ತೆಗೆಸಲು ಯಾರಿಗೂ ಅವಸರವಿರಲಿಲ್ಲ.

ಪ್ರವೇಶಾಂಗಣವನ್ನು ನವೀಕರಿಸುವ ಹೊತ್ತಿಗೆ ಆಡಳಿತದ ಮುಂದೆ ಮೂರು ದಾರಿಗಳಿದ್ದವು: ಯಂತ್ರವನ್ನು ಬಿಚ್ಚಿ ಸಾಗಿಸುವುದು, ಚಲನೆಯಿಲ್ಲದ ಪ್ರದರ್ಶನ ವಸ್ತುವಾಗಿ ಉಳಿಸುವುದು, ಇಲ್ಲವೇ ದುರಸ್ತಿ ಮಾಡುವುದು. ಚಲಿಸಲೆಂದೇ ಮಾಡಿದ ವಸ್ತುವನ್ನು ನಿಲ್ಲಿಸಿ ತೋರಿಸುವುದು ಅದಕ್ಕೆ ಮಾಡುವ ಅನ್ಯಾಯವೆಂದು ನಾನು ಈಗಲೂ ನಂಬುತ್ತೇನೆ. ಅದೃಷ್ಟವಶಾತ್ ಆಡಳಿತಾಧಿಕಾರಿಯ ನಿಲುವೂ ಅದೇ ಆಗಿತ್ತು. ದುರಸ್ತಿಗೆ ಒಪ್ಪಿಗೆ ಸಿಕ್ಕಿತು. ಷರತ್ತು ಎರಡು: ಯಂತ್ರ ನಡುವೆ ನಿಲ್ಲಬಾರದು, ಸದ್ದು ಕಡಿಮೆಯಾಗಬೇಕು.

ಮೊದಲ ದುರಸ್ತಿ

ಕೆಲಸ ವಹಿಸಿಕೊಂಡ ತಂತ್ರಜ್ಞರು ಸಮರ್ಥರು, ಎರಡೂ ಷರತ್ತುಗಳನ್ನು ಮನಸ್ಸಿಟ್ಟು ಪಾಲಿಸಿದರು. ಸದ್ದು ಇಳಿಸಲು ಅವರು ಮೊದಲು ಯೋಚಿಸಿದ್ದು ಚೆಂಡುಗಳನ್ನೇ ಬದಲಿಸುವುದನ್ನು. ಗಟ್ಟಿ ಚೆಂಡಿನ ಬದಲು ಟೊಳ್ಳು ಚೆಂಡು ಹಾಕಿದರೆ ಬಡಿತ ಹಗುರವಾಗುತ್ತದೆ. ಆದರೆ ಪರೀಕ್ಷೆಯಲ್ಲಿ ಟೊಳ್ಳು ಚೆಂಡುಗಳು ಪೂರ್ಣಸುತ್ತಿನ ನೆತ್ತಿಯನ್ನು ದಾಟಲಾರದೆ ನಡುದಾರಿಯಲ್ಲೇ ಕಳಚಿ ಬಿದ್ದವು. ಇದರ ಲೆಕ್ಕ ಸರಳವಾದದ್ದು. ಉರುಳುವ ಚೆಂಡು ತಾನು ಇಳಿದ ಎತ್ತರದಿಂದ ಪಡೆದ ಶಕ್ತಿಯನ್ನೆಲ್ಲ ಮುಂದೆ ಸಾಗಲು ಬಳಸುವುದಿಲ್ಲ, ಒಂದು ಪಾಲು ತನ್ನ ಸುತ್ತ ತಾನು ತಿರುಗುವುದಕ್ಕೆ ಹೋಗುತ್ತದೆ. ಸಮತಟ್ಟಾದ ಹಾದಿಯಲ್ಲಿ ಗಟ್ಟಿ ಚೆಂಡಿಗೆ ಆ ಪಾಲು ಏಳರಲ್ಲಿ ಎರಡು. ತೆಳು ಗೋಡೆಯ ಟೊಳ್ಳು ಚೆಂಡಿಗೆ ಐದರಲ್ಲಿ ಎರಡು. ಹೀಗಾಗಿ ಪೂರ್ಣಸುತ್ತನ್ನು ಬೀಳದೆ ಮುಗಿಸಲು ಗಟ್ಟಿ ಚೆಂಡು ಸುತ್ತಿನ ತ್ರಿಜ್ಯದ ಕನಿಷ್ಠ 2.7 ಪಟ್ಟು ಎತ್ತರದಿಂದ ಹೊರಡಬೇಕಾದರೆ ಟೊಳ್ಳು ಚೆಂಡಿಗೆ ಸುಮಾರು 2.83 ಪಟ್ಟು ಬೇಕು. ಎರಡು ಕಂಬಿಗಳ ನಡುವೆ ತುಸು ಹುದುಗಿ ಉರುಳುವಾಗ ತಿರುಗಾಟಕ್ಕೆ ಹೋಗುವ ಪಾಲು ಇನ್ನೂ ಹೆಚ್ಚುತ್ತದೆ, ಘರ್ಷಣೆಯ ನಷ್ಟ ಬೇರೆ. ಮೂಲ ವಿನ್ಯಾಸಕರು ಗಟ್ಟಿ ಚೆಂಡಿಗೆ ಬೇಕಾದಷ್ಟು ಎತ್ತರವನ್ನು ಮಾತ್ರ ಬಿಟ್ಟಿದ್ದರು.

ಚೆಂಡು ಬದಲಿಸುವಂತಿಲ್ಲವೆಂದು ಖಚಿತವಾದಾಗ ತಂತ್ರಜ್ಞರು ಜಾಗಟೆಗೂ ಲೋಹದ ಪಟ್ಟಿಗಳಿಗೂ ದಪ್ಪ ಫೆಲ್ಟ್ ಬಟ್ಟೆ ಅಂಟಿಸಿದರು. ಚೆಂಡುಗಳು ಸಿಕ್ಕಿಕೊಳ್ಳುವ ಮೂಲಸ್ಥಾನ ತೂಗುಬುಟ್ಟಿಯೆಂದು ಗುರುತಿಸಿ, ಅದನ್ನು ಬಾಗಿದ ಸ್ಥಿತಿಯಲ್ಲಿ ಬೋಲ್ಟ್ ಹಾಕಿ ಬಿಗಿದರು. ಚೆಂಡು ಅದರೊಳಗೆ ಬಂದು ನಿಲ್ಲದೆ ನೇರವಾಗಿ ಹರಿದುಹೋಗತೊಡಗಿತು. ಮೋಟಾರಿನ ವೇಗ ಹೆಚ್ಚಿಸಿ, ಚೆಂಡುಗಳ ಸಂಖ್ಯೆಯನ್ನೂ ಹೆಚ್ಚಿಸಿದರು. ತೊಟ್ಟಿ ಮತ್ತು ಸರಪಳಿಯ ಕೆಳಭಾಗಕ್ಕೆ ಬಣ್ಣ ಬಳಿದ ತಗಡಿನ ರಕ್ಷಾಕವಚ ಹೊದಿಸಿದರು, ಏಕೆಂದರೆ ಗ್ರೀಸು, ಹಲ್ಲುಚಕ್ರ, ಧೂಳು ಕಾಣುವ ಆ ಜಾಗ ನವೀಕರಿಸಿದ ಅಂಗಣಕ್ಕೆ ಒಪ್ಪುತ್ತಿರಲಿಲ್ಲ. ಇವುಗಳಲ್ಲಿ ಒಂದೊಂದು ನಿರ್ಧಾರಕ್ಕೂ ಗಟ್ಟಿಯಾದ ಸಮರ್ಥನೆಯಿತ್ತು. ಯಂತ್ರ ತಿಂಗಳುಗಟ್ಟಲೆ ನಿಲ್ಲದೆ ಓಡಿತು, ಕೌಂಟರಿನ ದೂರು ನಿಂತಿತು.

ಮೊದಲು ಅನುಮಾನ ಎತ್ತಿದವರು ಅಂಗಣದ ಕಾವಲುಗಾರರು. ಮಕ್ಕಳು ಓಡಿಬರುತ್ತಾರೆ, ಒಂದು ಗಳಿಗೆ ನೋಡುತ್ತಾರೆ, ಹೊರಟುಹೋಗುತ್ತಾರೆ. ಮೊದಲೆಲ್ಲ ಕೈಹಿಡಿದು ಎಳೆದೊಯ್ಯಬೇಕಾಗುತ್ತಿತ್ತು ಎಂದು ಅವರು ಆಡಳಿತಾಧಿಕಾರಿಗೆ ಹೇಳಿದರು. ಈಗ ತಂದೆತಾಯಿಯರಾಗಿ ತಮ್ಮ ಮಕ್ಕಳನ್ನು ಕರೆತಂದ ಹಳೆಯ ನೋಡುಗರಲ್ಲಿ ಹಲವರು ‘ಇದು ಆ ಯಂತ್ರವಲ್ಲ’ ಎಂದರು. ಏನು ಬದಲಾಗಿದೆ ಎಂದು ಕೇಳಿದರೆ ಹೇಳಲು ಅವರಿಗೆ ತೋಚಲಿಲ್ಲ. ಆಡಳಿತಾಧಿಕಾರಿಯ ಉತ್ತರ ತಳ್ಳಿಹಾಕುವಂಥದ್ದಾಗಿರಲಿಲ್ಲ: ಬಾಲ್ಯದಲ್ಲಿ ಕಂಡದ್ದೆಲ್ಲ ದೊಡ್ಡವರಾದ ಮೇಲೆ ಕುಗ್ಗಿದಂತೆ ಕಾಣುತ್ತದೆ, ಅದನ್ನು ಯಾವ ದುರಸ್ತಿಯೂ ಸರಿಪಡಿಸಲಾರದು. ಕಳೆದುಹೋದ ಬಾಲ್ಯದ ಬಗೆಗಿನ ಹಂಬಲ ಯಾವುದು, ಯಂತ್ರದಿಂದ ನಿಜವಾಗಿ ಕಳೆದುಹೋದದ್ದು ಯಾವುದು ಎಂದು ಬೇರ್ಪಡಿಸುವ ಅಗತ್ಯ ಹುಟ್ಟಿದ್ದು ಆಗ.

ನೆನಪುಗಳನ್ನು ಕೇಳಿದ್ದು

ಯಂತ್ರದ ಪಕ್ಕದಲ್ಲಿ ಇಟ್ಟಿದ್ದ ಪುಸ್ತಕದಲ್ಲಿ ‘ನಿಮಗೆ ಏನು ನೆನಪಿದೆ?’ ಎಂಬ ಪ್ರಶ್ನೆಗೆ ಜನ ಪ್ರೀತಿಯಿಂದಲೇ ಬರೆದಿದ್ದರು. ಆದರೆ ಅವು ‘ತುಂಬ ದೊಡ್ಡದಾಗಿತ್ತು’, ‘ಅದ್ಭುತವಾಗಿತ್ತು’ ಎಂಬಂಥ ಮಾತುಗಳು. ಆದ್ದರಿಂದ ಮುಖತಃ ಮಾತನಾಡುವಾಗ ಕೇಳುವ ಬಗೆಯನ್ನು ಬದಲಿಸಿದೆವು. ನೀವು ಎಲ್ಲಿ ನಿಲ್ಲುತ್ತಿದ್ದಿರಿ, ನಿಮ್ಮ ಕೈ ಎಲ್ಲಿತ್ತು, ಏನಾಗಲೆಂದು ಕಾಯುತ್ತಿದ್ದಿರಿ, ಯಾವಾಗ ಅಲ್ಲಿಂದ ಹೊರಡಲು ಒಪ್ಪುತ್ತಿದ್ದಿರಿ ಎಂದು ಕೇಳಿ, ಕೊನೆಯಲ್ಲಿ ಒಂದು ಖಾಲಿ ಹಾಳೆ ಕೊಟ್ಟು ಯಂತ್ರವನ್ನು ಬಿಡಿಸಲು ಹೇಳಿದೆವು. ಚಿತ್ರ ಬರುವುದಿಲ್ಲವೆಂದು ಹಿಂಜರಿದವರೂ ಪೆನ್ಸಿಲ್ ಹಿಡಿದ ಮೇಲೆ ನಿಲ್ಲಿಸಲಿಲ್ಲ.

ನೆನಪನ್ನು ಸಾಕ್ಷಿಯೆಂದು ಸ್ವೀಕರಿಸುವಾಗ ಎಚ್ಚರ ಬೇಕು. ದೊಡ್ಡವರಿಗೆ ಉಳಿದಿರುವ ಅತಿ ಮೊದಲ ನೆನಪು ಸಾಮಾನ್ಯವಾಗಿ ಮೂರು–ನಾಲ್ಕನೆಯ ವಯಸ್ಸಿನದು; ಮೇಲಾಗಿ, ಪ್ರತಿ ಸಲ ನೆನೆದಾಗಲೂ ಮನಸ್ಸು ಅದನ್ನು ಮತ್ತೆ ಕಟ್ಟುತ್ತದೆ, ಕಟ್ಟುವಾಗ ಆಮೇಲೆ ಕಂಡದ್ದನ್ನೂ ಕೇಳಿದ್ದನ್ನೂ ಸೇರಿಸುತ್ತದೆ. ಆದ್ದರಿಂದ ಒಂದು ನಿಯಮ ಮಾಡಿಕೊಂಡೆವು. ಒಬ್ಬರಿಗೊಬ್ಬರು ಪರಿಚಯವಿಲ್ಲದ ಹಲವರು ಒಂದೇ ವಿವರ ಹೇಳಿದರೆ ಅದನ್ನು ನಕ್ಷೆ ಮತ್ತು ನಿರ್ವಹಣಾ ಪುಸ್ತಕದಲ್ಲಿ ಹುಡುಕುವುದು. ಅಲ್ಲಿಯೂ ಆಧಾರ ಸಿಕ್ಕರೆ ಮಾತ್ರ ದುರಸ್ತಿಯಲ್ಲಿ ಪರಿಗಣಿಸುವುದು.

ಗಾತ್ರ, ಬಣ್ಣ, ಚೆಂಡುಗಳ ಸಂಖ್ಯೆಯ ವಿಷಯದಲ್ಲಿ ನೆನಪುಗಳು ಒಂದಕ್ಕೊಂದು ಹೊಂದಲೇ ಇಲ್ಲ. ತೂಗುಬುಟ್ಟಿಯ ವಿಷಯದಲ್ಲಿ ಮಾತ್ರ ವಿಸ್ಮಯವಾಗುವಷ್ಟು ಒಮ್ಮತವಿತ್ತು. ತಾಯಿಯ ಕೆಲಸ ಮುಗಿಯುವ ತನಕ ದಿನವೂ ಸಂಜೆ ಆ ಅಂಗಣದಲ್ಲಿ ಕಾಯುತ್ತಿದ್ದ ಮಹಿಳೆಯೊಬ್ಬರು ಅದನ್ನು ವರ್ಣಿಸಿದ ರೀತಿಯನ್ನು ಇಲ್ಲಿ ವಿವರವಾಗಿ ಕೊಡಬೇಕು. ಮೊದಲ ನಾಲ್ಕು ಚೆಂಡುಗಳಿಗೆ ಬುಟ್ಟಿ ಅಲುಗುತ್ತಲೇ ಇರಲಿಲ್ಲ. ಐದನೆಯದು ಬಿದ್ದಾಗ ಒಂದು ಬೆರಳಿನಷ್ಟು ತಗ್ಗಿ ಮತ್ತೆ ಮೇಲೆ ಬರುತ್ತಿತ್ತು. ಆರನೆಯದಕ್ಕೆ ಇನ್ನಷ್ಟು ತಗ್ಗಿ, ಈಗ ಬಿತ್ತು ಎನ್ನುವಷ್ಟರಲ್ಲಿ ತಡೆದು ನಿಂತು ನಡುಗುತ್ತಿತ್ತು. ಆಮೇಲೆ ಬರುವ ಚೆಂಡು ಬುಟ್ಟಿಯ ದಾರಿ ಹಿಡಿಯುತ್ತದೋ, ಕವಲಿನಲ್ಲಿ ಬೇರೆಡೆಗೆ ಹೊರಳುತ್ತದೋ ಎಂದು ಅವರು ಗಾಜಿಗೆ ಹಣೆಯೊತ್ತಿ ಮೇಲಕ್ಕೆ ನೋಡುತ್ತಿದ್ದರು. ಏಳನೆಯದು ಬಂದಾಗಲೇ ಬುಟ್ಟಿ ಮಗುಚುತ್ತಿದ್ದದ್ದು. ತಾಯಿ ಬಂದು ಕರೆದರೂ ಬುಟ್ಟಿಯಲ್ಲಿ ಚೆಂಡುಗಳಿದ್ದರೆ ಹೊರಡುತ್ತಿರಲಿಲ್ಲ, ತಾಯಿಯೂ ಆಮೇಲಾಮೇಲೆ ಜೊತೆಗೆ ನಿಂತು ಎಣಿಸತೊಡಗಿದ್ದರು. ನಿರ್ವಹಣಾ ಪುಸ್ತಕದ ಮೊದಲ ಪುಟಗಳಲ್ಲಿ ಪ್ರತಿತೂಕವನ್ನು ಏಳು ಚೆಂಡುಗಳಿಗೆ ಹೊಂದಿಸಿದ್ದಾಗಿ ಬರೆದಿದೆ. ಆ ಪುಸ್ತಕ ಇರುವುದೇ ಆ ಮಹಿಳೆಗೆ ಗೊತ್ತಿರಲಿಲ್ಲ.

ಎರಡನೆಯ ತಿರುವು ಚಿತ್ರಗಳಿಂದ ಬಂತು. ಹಾಳೆಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿದಾಗ ತಂತ್ರಜ್ಞರೇ ಮೊದಲು ಗಮನಿಸಿದರು: ದೊಡ್ಡವರು ಮೆಚ್ಚುವ ಪೂರ್ಣಸುತ್ತು ಹೆಚ್ಚಿನ ಚಿತ್ರಗಳಲ್ಲಿ ಮೂಲೆಗೆ ಸರಿದ ಒಂದು ಪುಟ್ಟ ವೃತ್ತ, ಕೆಲವದರಲ್ಲಿ ಅದೂ ಇಲ್ಲ; ಹಾಳೆಯ ಅರ್ಧ ಭಾಗವನ್ನು ತಳದ ತೊಟ್ಟಿ ಮತ್ತು ಸರಪಳಿ ತುಂಬಿಕೊಂಡಿದ್ದವು. ಚೆಂಡುಗಳು ಒಂದನ್ನೊಂದು ತಳ್ಳುತ್ತ ಸಾಲು ನಿಲ್ಲುವುದು, ಕೊಂಡಿ ಬಂದು ಮುಂದಿನದನ್ನು ಎತ್ತಿಕೊಳ್ಳುವುದು, ಎತ್ತಿದಾಗ ಹಿಂದಿನವೆಲ್ಲ ಒಂದು ಹೆಜ್ಜೆ ಮುಂದೆ ಸರಿಯುವುದು. ನಾಲ್ಕು ವರ್ಷದ ಮಗುವಿನ ಎತ್ತರ ಸುಮಾರು ಒಂದು ಮೀಟರ್. ಅದರ ಕಣ್ಣಿಗೆ ನೇರವಾಗಿ ಎದುರಾಗುವುದು ಆ ತೊಟ್ಟಿಯೇ, ಗ್ರೀಸು–ಧೂಳು ಕಾಣುತ್ತದೆಂದು ನಾವು ತಗಡು ಹೊದಿಸಿದ್ದ ಜಾಗವೇ.

ಎರಡನೆಯ ದುರಸ್ತಿ

ಇದಾದ ಮೇಲೆ ಚರ್ಚೆಯ ನೆಲೆಯೇ ಬದಲಾಯಿತು. ಯಂತ್ರ ಎಷ್ಟು ಹೊತ್ತು ನಿಲ್ಲದೆ ಓಡುತ್ತದೆ ಎಂಬುದರ ಜೊತೆಗೆ, ನೋಡುವ ಮಗುವಿಗೆ ಅದು ಏನನ್ನು ಕಾಯಲು ಕೊಡುತ್ತದೆ ಎಂಬ ಪ್ರಶ್ನೆಯೂ ಮೇಜಿಗೆ ಬಂತು. ಚೆಂಡುಗಳು ಹೆಚ್ಚಿ, ವೇಗವೂ ಹೆಚ್ಚಿ, ಎಲ್ಲ ದಾರಿಗಳಲ್ಲಿಯೂ ಯಾವಾಗಲೂ ಏನೋ ಓಡುತ್ತಲೇ ಇದ್ದದ್ದರಿಂದ ಒಂದು ಚೆಂಡನ್ನು ಆರಿಸಿಕೊಂಡು ಕೊನೆಯ ತನಕ ಹಿಂಬಾಲಿಸಲು ಆಗುತ್ತಿರಲಿಲ್ಲ. ಬುಟ್ಟಿ ನಿಶ್ಚಲವಾದದ್ದರಿಂದ ‘ಇನ್ನೊಂದು ಬಂದರೆ’ ಎಂಬ ನಿರೀಕ್ಷೆಗೆ ಜಾಗವೇ ಉಳಿದಿರಲಿಲ್ಲ. ಮೊದಲ ದುರಸ್ತಿಯಲ್ಲಿ ತಡೆಗಳನ್ನು ತೆಗೆಯುವಾಗ ತಂಗುದಾಣಗಳೂ ಹೋಗಿದ್ದವು.

ಮೋಟಾರಿನ ವೇಗವನ್ನೂ ಚೆಂಡುಗಳ ಸಂಖ್ಯೆಯನ್ನೂ ಹಳೆಯ ಪುಸ್ತಕದಲ್ಲಿದ್ದಷ್ಟಕ್ಕೆ ಇಳಿಸಲಾಯಿತು. ತಗಡಿನ ಬದಲು ಪಾರದರ್ಶಕ ಪಾಲಿಕಾರ್ಬೊನೇಟ್ ಹಲಗೆ ಬಂತು. ಸುರಕ್ಷತೆಯೂ ಉಳಿಯಿತು, ಒಳಗಿನದೂ ಕಾಣಿಸಿತು. ಬುಟ್ಟಿಯ ಬೋಲ್ಟ್ ಬಿಚ್ಚುವ ಮೊದಲು ಅದು ಏಕೆ ಸಿಕ್ಕಿಕೊಳ್ಳುತ್ತಿತ್ತೆಂದು ತಂತ್ರಜ್ಞರು ಸಾವಧಾನವಾಗಿ ಪರೀಕ್ಷಿಸಿದರು. ಬುಟ್ಟಿ ತಿರುಗುವ ಅಚ್ಚಿನ ಒಂದು ಬದಿಯ ಬುಷ್ (ಅಚ್ಚಿಗೆ ಆಸರೆಯಾದ ಬಳೆ) ಸವೆದು, ಮಗುಚಿದ ಬುಟ್ಟಿ ವಾಪಸಾಗುವಾಗ ತುಸು ಓರೆಯಾಗಿ ಬಂದು ಅದರ ತುಟಿ ಕಂಬಿಗೆ ತಾಗುತ್ತಿತ್ತು. ಮುಂದಿನ ಚೆಂಡು ಆ ಸಂದಿಯಲ್ಲಿ ಸಿಲುಕುತ್ತಿತ್ತು. ಕೈಬೆರಳಿನಷ್ಟು ದೊಡ್ಡದಲ್ಲದ ಆ ಭಾಗವನ್ನು ಬದಲಿಸಿ, ಬುಟ್ಟಿಯ ಅಂಚಿಗೆ ಗಿಡ್ಡನೆಯ ತಂತಿಬೇಲಿ ಕಟ್ಟಿ, ಪ್ರತಿತೂಕವನ್ನು ಮತ್ತೆ ಏಳಕ್ಕೆ ಹೊಂದಿಸಿದರು.

ಒಂದು ಕೋರಿಕೆಯನ್ನು ಮಾತ್ರ ಒಪ್ಪಲಿಲ್ಲ. ಹಲವರು ಕೆಂಪು ಚೆಂಡೊಂದಿತ್ತು, ಅದು ಅಪರೂಪಕ್ಕೆ ಬರುತ್ತಿತ್ತು ಎಂದು ಹೇಳಿದ್ದರು. ಒಂದು ಕೆಂಪು ಚೆಂಡು ಸೇರಿಸಿದರೆ ಖರ್ಚೇನೂ ಇಲ್ಲ, ಜನರಿಗೆ ಸಂತೋಷವಾಗುತ್ತದೆ ಎಂಬುದು ಆಡಳಿತಾಧಿಕಾರಿಯ ಅಭಿಪ್ರಾಯ. ಖರೀದಿ ದಾಖಲೆಗಳ ಪ್ರಕಾರ ಮೊದಲಿನಿಂದಲೂ ಇದ್ದದ್ದು ಬಣ್ಣವಿಲ್ಲದ ಹೊಳಪಿನ ಉಕ್ಕಿನ ಚೆಂಡುಗಳು. ನೆನಪಿನ ಮಾತು ಕೇಳುವುದು ಬೇರೆ, ನೆನಪಿಗೆ ತಕ್ಕಂತೆ ಸಾಕ್ಷ್ಯ ಸೃಷ್ಟಿಸುವುದು ಬೇರೆ ಎಂದು ನಾನು ಬಲವಾಗಿ ವಾದಿಸಿದೆ. ತಗಡು ತೆಗೆದು, ಹಳೆಯ ವೇಗದಲ್ಲಿ ಯಂತ್ರ ಓಡತೊಡಗಿದ ಮೇಲೆ, ನೆಲದ ಮೇಲೆ ಕೂತು ನೋಡುತ್ತಿದ್ದ ತಂತ್ರಜ್ಞರಿಗೆ ಉತ್ತರ ಕಂಡಿತು. ತೊಟ್ಟಿಗೆ ಇಳಿಯುವ ಕೊನೆಯ ಕಂಬಿಗೆ ಕೆಂಪು ಬಣ್ಣವಿದೆ. ನಿಧಾನವಾಗಿ ಬರುವ ಚೆಂಡಿನ ಮೈಯಲ್ಲಿ ಅದು ಪ್ರತಿಫಲಿಸಿ, ತಗ್ಗಿನಿಂದ ನೋಡುವ ಕಣ್ಣಿಗೆ ಚೆಂಡು ಒಂದು ಕ್ಷಣ ಕೆಂಪಾಗುತ್ತದೆ. ನಿಂತು ನೋಡಿದರೆ ಅದು ಕಾಣುವುದಿಲ್ಲ.

ಫಲಿತಾಂಶ ಮತ್ತು ಕಲಿತದ್ದು

ಮಕ್ಕಳು ಮತ್ತೆ ನಿಲ್ಲತೊಡಗಿದರು. ಬುಟ್ಟಿಯಲ್ಲಿ ಐದಾರು ಚೆಂಡು ಸೇರಿದಾಗ ಗುಂಪು ಕೂಡುತ್ತದೆ, ಪರಿಚಯವಿಲ್ಲದ ಮಕ್ಕಳು ಒಟ್ಟಿಗೆ ಎಣಿಸುತ್ತಾರೆ, ಚೆಂಡು ಬೇರೆ ಕವಲಿಗೆ ಹೋದರೆ ಒಟ್ಟಿಗೆ ನಿಟ್ಟುಸಿರು ಬಿಡುತ್ತಾರೆ. ಚೆಂಡು ಸಿಕ್ಕಿಕೊಳ್ಳುವುದು ಪೂರ್ತಿ ನಿಂತಿಲ್ಲ. ಆದರೆ ತಂತ್ರಜ್ಞರು ಗಾಜಿನ ಬಾಗಿಲು ತೆರೆದು ಉದ್ದನೆಯ ಕೋಲಿನಿಂದ ಚೆಂಡನ್ನು ಬಿಡಿಸುವುದನ್ನು ನೋಡಲು ಎಲ್ಲಕ್ಕಿಂತ ಹೆಚ್ಚು ಜನ ಸೇರುತ್ತಾರೆ. ಯಂತ್ರ ಹೇಗೆ ಕೆಲಸ ಮಾಡುತ್ತದೆಂದು ಮಕ್ಕಳು ಪ್ರಶ್ನೆ ಕೇಳುವುದೂ ಆಗಲೇ. ಹಳೆಯ ನೋಡುಗರಲ್ಲಿ ಕೆಲವರು ಯಂತ್ರ ಈಗಲೂ ಚಿಕ್ಕದಾಗಿ ಕಾಣುತ್ತದೆ ಎನ್ನುತ್ತಾರೆ. ಆಡಳಿತಾಧಿಕಾರಿಯ ಮಾತು ಆ ಮಟ್ಟಿಗೆ ನಿಜವಾಗಿತ್ತು.

ಇಂಥ ಯಂತ್ರದ ಹೊಣೆ ಹೊತ್ತವರಿಗೆ ಈ ಪ್ರಕರಣದಿಂದ ಹೇಳಬಹುದಾದದ್ದು ಇಷ್ಟು. ಯಾವುದೇ ಭಾಗ ಬಿಚ್ಚುವ ಮೊದಲು ಅಳತೆಗಳ ಜೊತೆಗೆ ಕಾಲವನ್ನೂ ದಾಖಲಿಸಬೇಕು: ಒಂದು ಚೆಂಡು ನೆತ್ತಿಯಿಂದ ತಳ ಸೇರಲು ಎಷ್ಟು ಹೊತ್ತು, ಬುಟ್ಟಿ ಮಗುಚಲು ಎಷ್ಟು ಚೆಂಡು, ಎರಡು ಬಡಿತಗಳ ನಡುವೆ ಎಷ್ಟು ಮೌನ. ನಕ್ಷೆಯಲ್ಲಿ ಇವು ಇರುವುದಿಲ್ಲ, ಆದರೆ ಯಂತ್ರದ ಗುಣ ಇವುಗಳಲ್ಲೇ ಇದೆ. ಪರಿಶೀಲನೆಯನ್ನು ಒಮ್ಮೆಯಾದರೂ ನೆಲದ ಮೇಲೆ ಕೂತು ಮಾಡಬೇಕು. ತೊಂದರೆ ಕೊಡುವ ಭಾಗವನ್ನು ಬಿಗಿದು ನಿಲ್ಲಿಸುವ ಮೊದಲು ಅದರ ತೊಂದರೆಯ ಮೂಲ ಹುಡುಕಬೇಕು. ಇಲ್ಲಿ ಮೂಲವಿದ್ದದ್ದು ಒಂದು ಸವೆದ ಬುಷ್‌ನಲ್ಲಿ. ನೆನಪುಗಳನ್ನು ಕೇಳುವಾಗ ‘ಹೇಗಿತ್ತು’ ಎನ್ನುವುದಕ್ಕಿಂತ ‘ನೀವೇನು ಮಾಡುತ್ತಿದ್ದಿರಿ’ ಎಂದು ಕೇಳಿದರೆ ತಾಳೆ ನೋಡಬಹುದಾದ ಉತ್ತರಗಳು ಸಿಗುತ್ತವೆ.

ಸದ್ದಿನ ಪ್ರಶ್ನೆ ಮಾತ್ರ ಇನ್ನೂ ಬಗೆಹರಿದಿಲ್ಲ. ಲೋಹದ ಪಟ್ಟಿಗಳ ಮೇಲಿನ ಫೆಲ್ಟ್ ಹಾಗೆಯೇ ಉಳಿದಿದೆ, ಜಾಗಟೆಯದನ್ನು ತೆಗೆಯಲಾಗಿದೆ, ಕೌಂಟರಿನ ಕಡೆಗೆ ಸದ್ದು ಹೀರುವ ಬಾಗಿದ ತಡೆಹಲಗೆಯೊಂದನ್ನು ಪ್ರಯೋಗಕ್ಕಾಗಿ ನಿಲ್ಲಿಸಲಾಗಿದೆ. ಅಷ್ಟು ಸಾಲದು ಎಂದು ಕೌಂಟರಿನವರು ಹೇಳುತ್ತಿದ್ದಾರೆ, ಅವರ ಮಾತಿನಲ್ಲಿ ನ್ಯಾಯವಿದೆ. ಜಾಗಟೆಯನ್ನು ಮತ್ತೆ ಮುಚ್ಚುವ ಬದಲು ಕೌಂಟರನ್ನೇ ಅಂಗಣದ ಇನ್ನೊಂದು ಬದಿಗೆ ಸರಿಸಬಹುದೇ ಎಂದು ಆಡಳಿತ ಈಗ ಪರಿಶೀಲಿಸುತ್ತಿದೆ.